ಮನೆಗೊಬ್ಬರು

ಕಳೆದ ಶ್ರಾವಣದಲ್ಲಿ ದಾದರಿನ ತರಕಾರಿ ಪೇಟೆಯಲ್ಲಿ ಹೀರೇಕಾಯಿ ಆರಿಸುತ್ತ ನಿಂತಿದ್ದೆ. ಹಿಂದಿನಿಂದ ಯಾರೋ ಭುಜ ಮುಟ್ಟಿದರು. ತಿರುಗಿ ನೋಡಿದರೆ ಮಿಶನ್ ದವಾಖಾನೆಯ ನರ್ಸಮ್ಮ. ಮಂಗಳೂರು ಕಡೆಯವರು, ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷಗಳಾಗಿವೆ. ಹೇಗಿದ್ದೀರಿ, ಮಕ್ಕಳೇನು ಮಾಡುತ್ತಾರೆ ಎಂಬ ಮಾತೊಂದೂ ಇಲ್ಲದೆ, "ನಿಮ್ಮ ಡಾಕ್ಟರಬಾಯಿ ತೀರಿಹೋದ್ರಂತೆ ಮಾರಾಯ್ರೆ. ಅವರ ದೇಶದಿಂದ ಬಂದವರೊಬ್ಬರು ಮೊನ್ನೆ ಚರ್ಚಿನಲ್ಲಿ ಹೇಳಿದ್ರು" ಎಂದರು.

ಹೀರೇಕಾಯಿಯನ್ನು ತಕ್ಕಡಿಯಲ್ಲೇ ಬಿಟ್ಟು ನಾವಿಬ್ಬರೂ ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆವು. ಅವಳು ಡಾಕ್ಟರಳಾಗಲೇ ಇಲ್ಲವಂತೆ. ಇಲ್ಲಿಂದ ಹೋದ ಮೇಲೆ ಓದು ಮುಂದುವರಿಸಲಿಲ್ಲವಂತೆ. ತನ್ನೂರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸದಲ್ಲಿದ್ದಳಂತೆ. ಮದುವೆಯಿಲ್ಲ. ಏನೋ ಹೊಟ್ಟೆಯ ಕಾಯಿಲೆ.

"ಓದು ಯಾಕೆ ಬಿಟ್ಟದ್ದು ಅಂತ ಮನೆಯವರಿಗೂ ಹೇಳ್ಲಿಲ್ಲಂತೆ" ಎಂದು ನರ್ಸಮ್ಮ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನಮ್ಮಿಬ್ಬರಿಗೂ ಗೊತ್ತಿತ್ತು. ಮನೆಯವರಿಗೇ ಹೇಳದವಳ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಐವತ್ತರ ದಶಕದ ನಡುವಿನ ಮಾತಿದು. ಧಾರವಾಡವೂ ಮುಂಬಯಿಯೂ ಇನ್ನೂ ಒಂದೇ ಸರಕಾರದ ಕೆಳಗಿದ್ದ ಕಾಲ. ನಾವು ವಡಾಲದಲ್ಲಿದ್ದೆವು. ನಮ್ಮ ಮನೆಯವರು ಬಂದರಿನ ಆಫೀಸಿನಲ್ಲಿ ಗುಮಾಸ್ತರು. ನಮ್ಮ ಬಿಲ್ಡಿಂಗಿನ ಹಿಂದೆ ರೈಲುಹಳಿ, ಹಳಿಯ ಆಚೆ ಉಪ್ಪಿನ ಗದ್ದೆಗಳ ಕಡೆಗೆ ಹೋಗುವ ದಾರಿಯಲ್ಲಿ ಮಿಶನ್ನಿನವರ ತಗಡಿನ ದವಾಖಾನೆ. ಅದರ ಸುತ್ತ ಬಿಜಾಪುರ ಕಡೆಯಿಂದ ಬಂದವರ ಗುಡಿಸಲುಗಳು. ಗಂಡಸರು, ಹೆಂಗಸರು ಇಬ್ಬರೂ ಬಂದರಿನ ಡಾಕ್‌ನಲ್ಲಿ ಕಲ್ಲಿದ್ದಲು ಹೊರುತ್ತಿದ್ದರು. ಸಂಜೆ ಅವರು ಸಾಲಾಗಿ ಬರುವಾಗ ಯಾರು ಯಾರೆಂದು ಗುರುತು ಸಿಗುತ್ತಿರಲಿಲ್ಲ. ಕೆಮ್ಮು ಮಾತ್ರ ದೂರದಿಂದಲೇ ಕೇಳುತ್ತಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ನಾರ್ವೆ ದೇಶದಿಂದ ಡಾಕ್ಟರಿಕೆ ಓದುವ ಹುಡುಗ ಹುಡುಗಿಯರು ಹಡಗಿನಲ್ಲಿ ಬಂದಿಳಿದರು. ಮಳೆಗಾಲ ಹಿಡಿಯುವ ಮುಂಚೆ ವಾಪಸು ಹೋಗತಕ್ಕದ್ದು. ಅವರ ಜೊತೆ ಅವರದೇ ದೇಶದ ವಯಸ್ಸಾದ ಡಾಕ್ಟರರೊಬ್ಬರು, ನಾವು ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಅವರಾರಿಗೂ ಕನ್ನಡ ಬಾರದು, ಮರಾಠಿ ಬಾರದು. ನರ್ಸಮ್ಮನಿಗೆ ಕನ್ನಡ ಬರುತ್ತಿತ್ತಾದರೂ, "ಈ ಬಿಜಾಪುರದವರು ಮಾತಾಡಿದ್ರೆ ನನಗೆ ಜಗಳ ಆಡಿದ ಹಾಗೆ ಕೇಳ್ತದೆ" ಎನ್ನುತ್ತಿದ್ದರು. ನಾನು ಧಾರವಾಡದಲ್ಲಿ ಮಿಶನ್ ಶಾಲೆಯಲ್ಲಿ ಇಂಗ್ಲಿಷು ಕಲಿತವಳೆಂದು ಯಾರೋ ಹೇಳಿದ್ದರಿಂದ, ಅವರ ಮಾತು ಇವರಿಗೆ ತಿಳಿಸಲೆಂದು ನರ್ಸಮ್ಮನೇ ಮನೆಗೆ ಬಂದು ಕರೆದರು. ಮುಂಜಾನೆ ಅಡುಗೆ ಮುಗಿಸಿ ಹೋಗುವುದು, ಮಧ್ಯಾಹ್ನದೊಳಗೆ ಬರುವುದು.

ನಮ್ಮ ಅತ್ತೆ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. "ಆ ಕ್ಷಯದ ಗಾಳಿ ಸೆರಗಿನ್ಯಾಗ ಕಟ್ಟಿಗೊಂಡ ಬರಬ್ಯಾಡ. ಬಂದ ಕೂಡ್ಲೆ ಸೀದಾ ಬಚ್ಚಲ ಮೋರಿಗೆ ಹೋಗು. ಜಳಕಾ ಆದ ಮ್ಯಾಲೇನ ನನ್ನ ಮುಂದ ನಿಲ್ಲು" ಎಂದರು.

ಆ ವಿದ್ಯಾರ್ಥಿಗಳಲ್ಲಿ ನಮ್ಮ ಡಾಕ್ಟರಬಾಯಿ ಒಬ್ಬಳು. ಅವಳನ್ನು ಮೊದಲು ನೋಡಿದ್ದು ಹಳಿಯ ಪಕ್ಕದಲ್ಲಿ. ಉದ್ದ ಹುಡುಗಿ, ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು. ನಮ್ಮ ಬಿಸಿಲಿಗೆ ಮೂಗಿನ ಮೇಲಿನ ಚರ್ಮ ಸುಲಿದು ಕೆಂಪಗಾಗಿತ್ತು. ಗಂಡಸಿನಂಥ ದೊಡ್ಡ ಕೈಗಳು, ಅವುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ನನ್ನ ಹಾಗೆ ಅವಳೂ ಇಂಗ್ಲಿಷನ್ನು ಶಾಲೆಯಲ್ಲೇ ಕಲಿತವಳು. ಆದ್ದರಿಂದ ನಾವಿಬ್ಬರೂ ನಿಧಾನಕ್ಕೆ, ಒಬ್ಬರಿಗೊಬ್ಬರು ಕಾಯುತ್ತ ಮಾತಾಡುತ್ತಿದ್ದೆವು. ಮೊದಲ ದಿನದಿಂದಲೇ ಗುಡಿಸಲಿನವರು ಅವಳನ್ನು ಡಾಕ್ಟರಬಾಯಾರು ಎಂದರು. ಪ್ರತಿ ಸಲವೂ ಅವಳು "ಡಾಕ್ಟರ್ ಅಲ್ಲ, ಸ್ಟೂಡೆಂಟ್" ಎಂದು ತಿದ್ದುತ್ತಿದ್ದಳು. "ಅದ ಏನ ಅಂತಾರ್ರಿ?" ಎಂದು ಮುದುಕಿಯೊಬ್ಬಳು ಕೇಳಿದಳು. ಇನ್ನೂ ಕಲಿಯುತ್ತಿದ್ದಾಳೆ ಎಂದೆ. "ಕಲೀಲಿ ತಗೋರಿ. ನಮ್ಮ ಮ್ಯಾಲೇ ಕಲೀಲಿ. ನಮ್ಮ ಮೈ ಏನ ಸವೀತೈತಿ?" ಎಂದು ಮುದುಕಿ ತೋಳು ಮುಂದೆ ಚಾಚಿದಳು.

ಅವಳದೊಂದು ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಆ ಗುಡಿಸಲುಗಳಿಗೆ ಬಾಗಿಲೆಲ್ಲಿಂದ ಬರಬೇಕು, ಗೋಣಿತಟ್ಟು ಇಳಿಬಿಟ್ಟಿರುತ್ತಿದ್ದರು. ಅವಳು ಪಕ್ಕದ ತಗಡಿನ ಮೇಲೆ ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದಳು. ಆಗ ಮುಂಬಯಿಯಲ್ಲಿ ಪಾನನಿಷೇಧದ ಕಾಲ. ಆ ಕೇರಿಯಲ್ಲಿ ತಗಡು ಬಡಿಯುವವರೆಂದರೆ ಕಳ್ಳಭಟ್ಟಿ ಹುಡುಕಿಕೊಂಡು ಬರುವ ಪೊಲೀಸರು ಮಾತ್ರ. ಮೊದಲನೆಯ ದಿನ ಅವಳು ಹೀಗೆ ಬಡಿದದ್ದೇ ತಡ, ಹಿಂದಿನ ಕಿಂಡಿಯಿಂದ ಇಬ್ಬರು ಗಂಡಸರು ಹಾರಿ ಉಪ್ಪಿನ ಗದ್ದೆಯ ಕಡೆಗೆ ಓಡಿದರು. ಅವಳು ಅವರ ಹಿಂದೆ, "ಸಾರಿ, ಸಾರಿ" ಎಂದು ಕೂಗುತ್ತ ಸ್ವಲ್ಪ ದೂರ ಓಡಿದಳು. ಕೇರಿಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅದು ಅವಳ ಗುರುತೇ ಆಯಿತು. "ಬಡೀಲಿಕ್ಕತ್ತಾರ ನೋಡ, ಬಾಯಾರ ಬಂದ್ರು" ಎಂದು ಒಳಗಿನಿಂದಲೇ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ನಮ್ಮ ಮನೆಗೂ ಕರೆತಂದೆ. ಅತ್ತೆ ಅವಳನ್ನು ಮೊದಲು ಮೋರಿಗೆ ಕಳಿಸಿ ಕೈಕಾಲು ತೊಳೆಸಿದರು. ಆಮೇಲೆ ತಾವೇ ಒಂದು ಬೆರಳಲ್ಲಿ ಬೆಣ್ಣೆ ತೆಗೆದು ಅವಳ ಮೂಗಿಗೆ ಹಚ್ಚಿದರು. ಚಪಾತಿ, ಶೇಂಗಾ ಚಟ್ನಿ ಬಡಿಸಿ ಎದುರು ಕುಳಿತು, "ಕೇಳ ಅಕಿನ್ನ, ಇಷ್ಟ ದೂರ ಹೆಂಗ ಬಿಟ್ಲಂತ ಅವರವ್ವ? ಮನ್ಯಾಗ ಜಗಳಾ ಮಾಡಿ ಬಂದಾಳೋ ಏನು?" ಎಂದರು. ನಾನು ಅದನ್ನು ಸ್ವಲ್ಪ ನಯಗೊಳಿಸಿ ಕೇಳಿದೆ. ಅವಳು ಚಟ್ನಿಯ ಖಾರಕ್ಕೆ ಕಣ್ಣೀರು ಸುರಿಸುತ್ತ, "ನನ್ನ ತಾಯಿ ಬೇಡವೆಂದಳು. ಚರ್ಚಿನಲ್ಲಿ ಎಲ್ಲರೂ ಹೊಗಳುತ್ತಿದ್ದರು, ಅವಳೊಬ್ಬಳೇ, ನಿನಗೆ ಯಾರ ಸಂಕಟವನ್ನೂ ನೋಡಿ ಸುಮ್ಮನಿರಲು ಬರುವುದಿಲ್ಲ, ಹೋಗಬೇಡ ಎಂದಳು" ಎಂದಳು. ಅತ್ತೆಗೆ ತಿಳಿಸಿದೆ. "ತಿಳದಾಕಿ" ಎಂದು ಅತ್ತೆ ಇನ್ನೊಂದು ಚಪಾತಿ ಬಡಿಸಿದರು.

ಇನ್ನು ದವಾಖಾನೆಯ ಪದ್ಧತಿ ಹೇಳಬೇಕು. ಮೊದಲು ಪ್ರಾರ್ಥನೆ, ಆಮೇಲೆ ಒಂದು ಕತೆ, ಆಮೇಲೆ ಮದ್ದು. ಮದ್ದಿಗೆ ನಿಂತ ಸಾಲು ಕತೆ ಮುಗಿಯುವವರೆಗೆ ಅಲ್ಲಾಡುವಂತಿರಲಿಲ್ಲ. ವಿದ್ಯಾರ್ಥಿಗಳು ಸರದಿಯ ಮೇಲೆ ಕತೆ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಉಳಿದವರೆಲ್ಲ ಶಾಸ್ತ್ರದ ಕತೆ ಹೇಳಿದರೆ ಇವಳು ಒಮ್ಮೆ ತನ್ನ ಅಜ್ಜಿಯ ಕತೆ ಹೇಳಿದಳು. ಅವರ ಊರು ಸಮುದ್ರದ ದಂಡೆಯಲ್ಲಿ. ಒಂದು ಚಳಿಗಾಲ ಮಂಜು ಬಿದ್ದು ದಾರಿಯೆಲ್ಲ ಮುಚ್ಚಿ, ದೋಣಿ ಇಳಿಯದೆ, ಊರಿನಲ್ಲಿ ಹಿಟ್ಟು ತೀರಿತಂತೆ. ಅಜ್ಜಿಯ ಮನೆಯಲ್ಲಿ ಮಾತ್ರ ದಿನಕ್ಕೊಂದು ರೊಟ್ಟಿಗೆ ಆಗುವಷ್ಟು ಉಳಿದಿತ್ತಂತೆ. ಅಜ್ಜಿ ಆ ಒಂದು ರೊಟ್ಟಿಯನ್ನು ದಿನಾ ಏಳು ಮನೆಗಳಿಗೆ ಹಂಚಿದಳಂತೆ. ದಾರಿ ತೆರೆಯುವವರೆಗೆ ಏಳೂ ಮನೆಗಳಲ್ಲಿ ಒಬ್ಬರೂ ಸಾಯಲಿಲ್ಲವಂತೆ. ಹಂಚಿಕೊಂಡದ್ದು ಸಾಲದೆ ಹೋಗುವಂತೆ ದೇವರು ಮಾಡುವುದಿಲ್ಲ ಎಂದು ಮುಗಿಸಿದಳು. ಮಂಜೆಂದರೇನು ಎಂದು ಸಾಲಿನಲ್ಲಿ ಗುಸುಗುಸು ಎದ್ದಿತು. "ಮೀನಿನ ಪೆಟ್ಟಿಗ್ಯಾಗ ಹಾಕೂ ಬರ್ಫ್, ಅದ ಮುಗಲಿಂದ ಬೀಳತೈತಂತ" ಎಂದು ಒಬ್ಬ ಬಿಡಿಸಿ ಹೇಳಿದ. ಎಲ್ಲರಿಗೂ ಕತೆ ಬಹಳ ಹಿಡಿಸಿತು.

ಆ ಸಾಲಿನಲ್ಲಿ ನೀಲವ್ವ ಇದ್ದಳು. ಇಪ್ಪತ್ತು ದಾಟಿರದ ಹೆಣ್ಣು. ಸೊಂಟದ ಮೇಲೆ ಆರೇಳು ತಿಂಗಳ ಹೆಣ್ಣುಕೂಸು. ಕೆಮ್ಮಿದರೆ ಸೆರಗಿನ ತುದಿಯಲ್ಲಿ ರಕ್ತ.

ಕ್ಷಯಕ್ಕೆ ಆಗ ಹೊಸ ಮದ್ದು ಬಂದಿತ್ತು. ಚಿಕ್ಕ ಬಿಳಿಯ ಗುಳಿಗೆ, ಬಿಡದೆ ಅನೇಕ ತಿಂಗಳು ನುಂಗಬೇಕು. ವಿದ್ಯಾರ್ಥಿಗಳು ಅದನ್ನು ತಮ್ಮ ದೇಶದ ಚರ್ಚುಗಳಲ್ಲಿ ಬೇಡಿ ಕೂಡಿಸಿ ತಂದಿದ್ದರು. ತಂದದ್ದು ಎಷ್ಟೆಂದರೆ, ಆ ಕೇರಿಯ ಕೆಮ್ಮಿನ ಮುಂದೆ ಏನೂ ಅಲ್ಲ. ಅದಕ್ಕೆ ದೊಡ್ಡ ಡಾಕ್ಟರು ಮೊದಲೇ ಒಂದು ನಿಯಮ ಮಾಡಿದ್ದರು: ಮನೆಗೊಬ್ಬರು. ಒಂದು ಮನೆಯಲ್ಲಿ ಎಷ್ಟು ಜನ ಕೆಮ್ಮಿದರೂ ಗುಳಿಗೆ ಒಬ್ಬರಿಗೆ. ನೀಲವ್ವನ ಮನೆಯಲ್ಲಿ ಅವಳ ಗಂಡನಿಗೂ ಇತ್ತು, ಗಂಡನ ತಂಗಿ ಕಾಶವ್ವನಿಗೂ ಇತ್ತು. ಕಾಶವ್ವ ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಅಣ್ಣನ ಹತ್ತಿರ ಬಂದಿದ್ದವಳು. ಇವರಿಬ್ಬರದು ಇನ್ನೂ ಎಳೆಯ ರೋಗ, ನೀಲವ್ವನದು ಬಲಿತದ್ದು. ಮೊಲೆ ಕುಡಿಯುವ ಕೂಸು ಬೇರೆ. ಇವಳನ್ನೇ ಆರಿಸಬೇಕೆಂದು ಡಾಕ್ಟರಬಾಯಿ ಹಟ ಹಿಡಿದು ಆರಿಸಿದಳು. ವಾರಕ್ಕೊಮ್ಮೆ ಗುಳಿಗೆ ಕಟ್ಟಿಕೊಡುವಾಗ, "ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳು" ಎನ್ನುತ್ತಿದ್ದಳು. ನಾನು ಕೇಳಿದರೆ ನೀಲವ್ವ, "ಹೂಂನ್ರಿ ಅಕ್ಕಾರ, ಒಂದಿನಾನೂ ತಪ್ಪಿಸಿಲ್ಲ" ಎನ್ನುತ್ತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಜ್ವರ ಇಳಿಯಿತು. ನೀಲವ್ವ ಎಳ್ಳು ಬೆಲ್ಲ ತಂದು ದವಾಖಾನೆಯಲ್ಲಿ ಎಲ್ಲರಿಗೂ ಕೊಟ್ಟಳು. ಡಾಕ್ಟರಬಾಯಿ ಅದನ್ನು ಬಾಯಿಗೆ ಹಾಕಿಕೊಂಡು ಕೂಸನ್ನು ಎತ್ತಿ ತಗಡಿನ ಚಾವಣಿ ಮುಟ್ಟಿಸಿದಳು. ಅವಳು ದಿನಾ ಬಂದ ಕೂಡಲೆ ನರ್ಸಮ್ಮನನ್ನು, "ಇವತ್ತು ಮಾಡಲು ಆಗುವಂಥದ್ದು ಏನಿದೆ?" ಎಂದು ಕೇಳುವವಳು. ಆ ಒಂದು ತಿಂಗಳು ಆ ಪ್ರಶ್ನೆಯನ್ನು ಹಾಡಿನ ಹಾಗೆ ಕೇಳಿದಳು.

ಶಿವರಾತ್ರಿ ಕಳೆಯುತ್ತಿದ್ದಂತೆ ನೀಲವ್ವನಿಗೆ ಜ್ವರ ಮರಳಿತು. ಈ ಸಲದ್ದು ಬೇರೆ ಜ್ವರ. ಎಕ್ಸ್‌ರೇ ತೆಗೆಸಿದರು. ದೊಡ್ಡ ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಗುಳಿಗೆ ನುಂಗಿದವರ ಎದೆ ಹೀಗಿರುವುದಿಲ್ಲ" ಎಂದರು. ಡಾಕ್ಟರಬಾಯಿ ನನ್ನ ಕೈ ಹಿಡಿದು ಹೊರಟೇಬಿಟ್ಟಳು.

ತಗಡು ಬಡಿದಳು. ಒಳಗಿನಿಂದ ನಗುತ್ತಲೇ ಕರೆದರು. ಕಾಶವ್ವ ನೆಲದ ಮೇಲೆ ಕುಳಿತಿದ್ದಳು. ಮುಂದೆ ಒಂದು ಡಬ್ಬಿಯ ಮುಚ್ಚಳ, ಕೈಯಲ್ಲಿ ಅಡಕೊತ್ತು. ಗುಳಿಗೆಯನ್ನು ಅಡಕೊತ್ತಿನಿಂದ ನಾಜೂಕಾಗಿ ಕತ್ತರಿಸಿ ಮೂರು ಚೂರು ಮಾಡುತ್ತಿದ್ದಳು. ಮುಚ್ಚಳದಲ್ಲಿ ಉದುರಿದ ಪುಡಿಯನ್ನು ಬೆರಳಿಗೆ ಅಂಟಿಸಿ ನೀಲವ್ವನ ಚೂರಿಗೆ ಸೇರಿಸುತ್ತಿದ್ದಳು, ಅವಳು ಬಾಣಂತಿಯೆಂದು. ನೀಲವ್ವನ ಗಂಡ ನೀರಿನ ತಂಬಿಗೆ ಹಿಡಿದು ತನ್ನ ಪಾಲಿಗೆ ಕಾಯುತ್ತ ನಿಂತಿದ್ದ.

ನಮ್ಮನ್ನು ಕಂಡು ಅವರಾರೂ ಅದನ್ನು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

"ಇದೇನ ನೀಲವ್ವ?" ಎಂದೆ.

"ಸುಳ್ಳ ಹೇಳಿಲ್ರಿ ಅಕ್ಕಾರ. ತಗೋತಿ ಏನಂತ ಕೇಳಿದ್ರಿ, ಹೂಂ ಅಂದೆ. ದಿನಾ ತಗೊಂಡೀನಿ."

"ಒಂದು ಪೂರಾ ತಗೋಬೇಕಂತ ಹೇಳಿದ್ದಿಲ್ಲೇನು?"

"ಮೂರೂ ಮಂದಿಗೆ ಕೆಮ್ಮ ಐತಿ. ಇವರ ಮಾರಿ ನೋಡಕೋತ ನಾ ಒಬ್ಬಾಕಿ ಹೆಂಗ ನುಂಗಲ್ರಿ? ಗಂಟಲದಾಗ ಇಳೀಬೇಕಲ್ಲ" ಎಂದು ಅವಳು ಡಾಕ್ಟರಬಾಯಿಯ ಕಡೆಗೆ ತಿರುಗಿದಳು. ಅವಳ ಮುಖದಲ್ಲಿ ಹೆಮ್ಮೆಯಿತ್ತು. "ಬಾಯಾರ ತಾವ ಹೇಳ್ಯಾರಲ್ರಿ. ಅವರ ಆಯಿ ಒಂದ ರೊಟ್ಟಿ ಏಳ ಮನಿಗೆ ಹಂಚಿದ್ಲು, ಒಬ್ಬರೂ ಸಾಯಲಿಲ್ಲ ಅಂತ. ನಾವಂತೂ ಮೂರ ಮಂದಿ."

"ಏನು ಹೇಳುತ್ತಿದ್ದಾಳೆ?" ಎಂದು ಡಾಕ್ಟರಬಾಯಿ ಕೇಳಿದಳು. ಹೇಳಿದೆ. "ಇನ್ನೊಮ್ಮೆ ಹೇಳು" ಎಂದಳು. ಇನ್ನೊಮ್ಮೆ ಹೇಳಿದೆ. ಅವಳು ಅಲ್ಲಿದ್ದ ಕಲ್ಲಿದ್ದಲಿನ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು. ಬಿಳಿಯ ಲಂಗವೆಲ್ಲ ಕಪ್ಪಾಯಿತು. "ಬಾಯಾರಿಗೆ ನೀರ ಕೊಡ್ರಿ, ಬಿಸಲ ಬಡದೈತಿ" ಎಂದು ನೀಲವ್ವ ಗಂಡನಿಗೆ ಹೇಳಿದಳು.

ಅವತ್ತಿನಿಂದ ಅವಳು ಕತೆಯ ಸರದಿಯಲ್ಲಿ ನಿಲ್ಲಲಿಲ್ಲ.

ಮೂವರಿಗೂ ಪೂರ್ತಿ ಗುಳಿಗೆ ಕೊಡಬೇಕೆಂದು ಅವಳು ದೊಡ್ಡ ಡಾಕ್ಟರ ಮುಂದೆ ನಿಂತಳು. ಅವರ ಭಾಷೆಯಲ್ಲಿ ಜಗಳವೇ ಆಯಿತು. ಕೊನೆಗೆ ಅವರು, ನನಗೂ ತಿಳಿಯಲೆಂದೋ ಏನೋ, ಇಂಗ್ಲಿಷಿನಲ್ಲಿ ಹೇಳಿದರು. "ಕೊಡುತ್ತೇನೆ. ಅದಕ್ಕೆ ಬೇರೆ ಎರಡು ಮನೆಯವರ ಗುಳಿಗೆ ನಿಲ್ಲಿಸಬೇಕು. ಸಾಲಿನಲ್ಲಿ ನಿಂತಿದ್ದಾರೆ. ಯಾರದೆಂದು ನೀನೇ ಹೋಗಿ ತೋರಿಸು." ಅವರು ಕೆಟ್ಟವರಲ್ಲ. ಅದನ್ನು ಹೇಳುವಾಗ ಅವರ ಕನ್ನಡಕದ ಹಿಂದಿನ ಕಣ್ಣುಗಳು ಅವಳನ್ನು ನೇರ ನೋಡಲಿಲ್ಲ. ಅವಳು ನಿಜಕ್ಕೂ ಹೊರಗೆ ಹೋದಳು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಒಬ್ಬೊಬ್ಬರೂ ಅವಳಿಗೆ ನಮಸ್ಕಾರ ಮಾಡಿದರು. ತಿರುಗಿ ಒಳಗೆ ಬಂದು ಬ್ಯಾಂಡೇಜು ಸುತ್ತುತ್ತ ಕುಳಿತಳು.

ನೀಲವ್ವನನ್ನು ಕ್ಷಯದ ಆಸ್ಪತ್ರೆಗೆ ಸೇರಿಸೋಣವೆಂದು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದೆವು. ಅಲ್ಲಿ ವರಾಂಡದಲ್ಲೂ ಹಾಸಿಗೆಗಳು, ಹಾಸಿಗೆಗಳ ನಡುವೆ ಚಾಪೆಗಳು. ಜಾಗವಾದರೆ ತಿಳಿಸುತ್ತೇವೆ ಎಂದರು. ಧಾರಾವಿಯಲ್ಲಿ ಒಬ್ಬ ವೈದ್ಯರಿದ್ದಾರೆಂದು ಯಾರೋ ಹೇಳಿದರು, ಅಲ್ಲಿಗೂ ಹೋದೆವು. ಡಾಕ್ಟರಬಾಯಿ ತನ್ನ ದೇಶದ ಕಾನ್ಸುಲ್ ಕಚೇರಿಗೂ ಹೋಗಿ ಗುಳಿಗೆ ತರಿಸಿಕೊಡಿ ಎಂದು ಬೇಡಿದಳು. ಅವರು ಚಹ ಕೊಟ್ಟು, ಬಿಸಿಲಲ್ಲಿ ಹ್ಯಾಟು ಹಾಕದೆ ತಿರುಗಬಾರದು ಎಂದು ಬುದ್ಧಿ ಹೇಳಿ ಕಳಿಸಿದರು. ಅಂದು ಲೋಕಲಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯ ಸರಳನ್ನು ಹಿಡಿದುಕೊಂಡು ಕುಳಿತಿದ್ದಳು. ನಾನು ಏನಾದರೂ ಹೇಳಬೇಕೆಂದು, "ದೇವರಿದ್ದಾನೆ" ಎಂದೆ. "ಇದ್ದಾನೆ" ಎಂದಳು. "ನನ್ನ ಅಜ್ಜಿಗೂ ಇದ್ದ. ಅದಕ್ಕೇ ಈ ಗುಳಿಗೆ ಯಾಕೆ ಸಾಲಲಿಲ್ಲ ಎಂದು ಅವನನ್ನು ಕೇಳಲು ಭಯ."

ದಿನಾ ಬೆಳಿಗ್ಗೆ ಆ ಗುಡಿಸಲಿಗೆ ಹೋಗಿ, ತಾನೇ ನೀಲವ್ವನಿಗೆ ಇಡೀ ಗುಳಿಗೆ ನುಂಗಿಸತೊಡಗಿದಳು. ನಾಲ್ಕೈದು ದಿನವಾದ ಮೇಲೆ ಒಮ್ಮೆ ಗುಡಿಸಲಿಂದ ಹೊರಬಿದ್ದವಳು ಏನೋ ಮರೆತು ತಿರುಗಿ ಹೋದರೆ, ನೀಲವ್ವ ಗುಳಿಗೆಯನ್ನು ದವಡೆಯಿಂದ ತೆಗೆದು ಸೆರಗಿಗೆ ಒರೆಸುತ್ತಿದ್ದಳು, ಗಂಡನಿಗೆಂದು. ಡಾಕ್ಟರಬಾಯಿ ಕೂಗಾಡಿದಳು. ನಾನು ಅವಳನ್ನು ಹಾಗೆ ಕಂಡದ್ದು ಅದೊಂದೇ ಸಲ. "ಇದು ನಿನ್ನದು, ನಿನ್ನೊಬ್ಬಳದು" ಎಂದು ನೀಲವ್ವನ ಎರಡೂ ರಟ್ಟೆ ಹಿಡಿದು ಅಲುಗಾಡಿಸಿದಳು. ನೀಲವ್ವ ಹೆದರಲಿಲ್ಲ. ಅವಳ ಕೈ ಮೆಲ್ಲಗೆ ಬಿಡಿಸಿಕೊಂಡು, "ಬಾಯಾರಿಗೆ ಮಕ್ಕಳಾಗಿಲ್ಲ, ಹಿಂಗಾಗಿ ತಿಳ್ಯೂದಿಲ್ಲ" ಎಂದು ನನಗೆ ಹೇಳಿದಳು. ಆ ಮಾತನ್ನು ನಾನು ಇಂಗ್ಲಿಷಿಗೆ ತರಲಿಲ್ಲ. ಅವಳೂ ಕೇಳಲಿಲ್ಲ.

ಯುಗಾದಿಯ ಹೊತ್ತಿಗೆ ನೀಲವ್ವ ಎದ್ದು ಕೂಡುವುದು ನಿಂತಿತು. ಕೂಸಿಗೆ ಮೊಲೆ ಬಿಡಿಸಿದರು. ಕಾಶವ್ವ ಆಡಿನ ಹಾಲು ಕುಡಿಸುತ್ತಿದ್ದಳು. ಅರೆಬರೆ ಮದ್ದು ತಿಂದು ತಿಂದು ರೋಗ ಆ ಮದ್ದಿಗೆ ಪಳಗಿಬಿಟ್ಟಿದೆ, ಇನ್ನು ಇವಳಿಗೆ ಇದು ನಾಟುವುದಿಲ್ಲ ಎಂದು ದೊಡ್ಡ ಡಾಕ್ಟರು ಹೇಳಿದರು. ಡಾಕ್ಟರಬಾಯಿಗೆ ಅದು ಮೊದಲೇ ಗೊತ್ತಿತ್ತು. ಹಡಗು ಹೊರಡುವ ದಿನ ಹತ್ತಿರ ಬಂತು. ತಾನು ಉಳಿಯುತ್ತೇನೆ ಎಂದಳು, ಉಳಿಯಲು ಪರವಾನಗಿ ಸಿಗಲಿಲ್ಲ. ಹೋಗುವ ಮುಂಚೆ ದೊಡ್ಡ ಡಾಕ್ಟರು ಅವಳನ್ನು ಕರೆದು, "ಆ ಮನೆಯ ಪಾಲಿನ ಗುಳಿಗೆ ನರ್ಸಿನ ಹತ್ತಿರ ಇರುತ್ತದೆ. ಉಳಿದ ಇಬ್ಬರಲ್ಲಿ ಒಬ್ಬರಿಗೆ ಪೂರ್ತಿ ಕೊಟ್ಟರೆ ಅವರು ಬದುಕಬಹುದು. ಯಾರೆಂದು ನೀನು ಹೇಳು. ಆ ಮನೆ ಬಲ್ಲವಳು ನೀನು" ಎಂದರು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಡಗು ಹೋದ ಮೇಲೆ ಒಂದು ತಿಂಗಳು ನೀಲವ್ವ ಇದ್ದಳು. ಅವಳ ಗಂಡ ಮರುವರ್ಷದ ಮಳೆಗಾಲ ದಾಟಲಿಲ್ಲ. ಕಾಶವ್ವ ಗುಳಿಗೆ ಮುಗಿಸಿದಳು, ಬದುಕಿದಳು. ಕೂಸನ್ನು ಸಾಕಿ ದೊಡ್ಡದು ಮಾಡಿ ಕುರ್ಲಾದಲ್ಲಿ ಒಳ್ಳೆಯ ಮನೆಗೆ ಕೊಟ್ಟಳು. ಪಂಚಮಿಗೆ ಇಬ್ಬರೂ ನಮ್ಮ ಮನೆಗೆ ಬಂದು ಉಂಡಿ ತಿಂದು ಹೋಗುತ್ತಾರೆ. ಇದೆಲ್ಲವನ್ನೂ ಪಾದ್ರಿಗಳ ಮೂಲಕ ಡಾಕ್ಟರಬಾಯಿಗೆ ಆಗಾಗ ಹೇಳಿಕಳಿಸಿದ್ದೆವು. ಅವಳಿಂದ ಒಮ್ಮೆ ಕೂಸಿಗೆಂದು ಉಣ್ಣೆಯ ಟೋಪಿ ಬಂತು. ಈ ಊರಿನ ಸೆಕೆಯಲ್ಲಿ ಯಾರು ಹಾಕಿಯಾರು. ಮಾತೊಂದೂ ಬರಲಿಲ್ಲ.

ಹಡಗು ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು. ಅತ್ತೆ ಅವಳ ಮುಖ ನೋಡಿ, ಏನೂ ಕೇಳದೆ, ನನಗೆ, "ಒಲಿ ಮ್ಯಾಲಿಂದು ನಾ ನೋಡಕೋತೀನಿ. ಹೋಗು ಅಕಿ ಜೋಡಿ" ಎಂದರು.

ಗುಡಿಸಲಿನಲ್ಲಿ ನಾಲ್ವರೂ ಇದ್ದರು. ನೀಲವ್ವ ಗೋಡೆಯ ಬದಿಗೆ ಮಲಗಿದ್ದಳು. ಗಂಡ ಕೆಲಸಕ್ಕೆ ಹೋಗಿರಲಿಲ್ಲ, ಬುಟ್ಟಿ ಹೊರಲು ಅವನಿಗೂ ಆಗುತ್ತಿರಲಿಲ್ಲ. ಡಾಕ್ಟರಬಾಯಿ ಹೇಳಿದ್ದನ್ನು ನಾನು ಒಂದೊಂದಾಗಿ ಹೇಳಿದೆ. ಒಬ್ಬರಿಗೆ ಸಿಗುತ್ತದೆ. ಪೂರ್ತಿ ನುಂಗಬೇಕು, ಚೂರು ಮಾಡಿದರೆ ಇಬ್ಬರೂ ಉಳಿಯುವುದಿಲ್ಲ. ಯಾರು?

"ಅಣ್ಣಗ ಕೊಡ್ರಿ, ಅವ ದುಡಿಯಾಂವ" ಎಂದಳು ಕಾಶವ್ವ.

"ಅಕಿಗೇ ಕೊಡ್ರಿ. ರಂಡಿಮುಂಡಿ ಅಂತ ಎಲ್ಲಾರ ಕಡೆ ಅನ್ನಿಸಿಕೊಂಡಾಳ, ಇನ್ನೇನ ಸುಖ ಕಂಡಾಳ ಅಕಿ" ಎಂದ ನೀಲವ್ವನ ಗಂಡ.

ಡಾಕ್ಟರಬಾಯಿ ತನ್ನ ದೊಡ್ಡ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೆಲ ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು, ಪ್ರಾರ್ಥನೆಯೋ ಏನೋ.

ಆಗ ನೀಲವ್ವ ಮಲಗಿದಲ್ಲಿಂದಲೇ ಮಾತಾಡಿದಳು. ನಿಂತು ನಿಂತು ಬರುವ ದನಿ. "ಕಾಶವ್ವಗ ಕೊಡ್ರಿ, ಅಕ್ಕಾರ. ಬಾಯಾರಿಗೆ ಹೇಳ್ರಿ. ನಾ ಇನ್ನ ಇರೂದಿಲ್ಲ. ಇವರು ಉಳದ್ರ ಇನ್ನೊಂದ ಮದಿವಿ ಆಗ್ತಾರ. ಗಂಡಸು, ಆಗೇ ಆಗ್ತಾರ, ತಪ್ಪೇನಿಲ್ಲ. ಬಂದಾಕಿ ಈ ಕೂಸಿಗೆ ಅನ್ನ ಹಾಕ್ತಾಳೋ ಇಲ್ಲೋ. ಕಾಶವ್ವ ಉಳದ್ರ ಕೂಸಿಗೆ ತಾಯಿ ಇರ್ತಾಳ."

ನಾನು ಅವಳ ಗಂಡನ ಕಡೆ ನೋಡಿದೆ. ಅವನು ಅಲ್ಲೇ ಕುಳಿತಿದ್ದ, ಒಂದು ಮಾರಿನಷ್ಟೂ ದೂರವಿಲ್ಲ.

"ಹ್ಯಾಂಗ ಹೇಳಲೆವ್ವಾ ಇದನ್ನ, ಇವರ ಮುಂದ?" ಎಂದೆ.

"ಹೇಳ್ರಿ ಅಕ್ಕಾರ" ಎಂದ ಅವನು. ಮೊಣಕಾಲ ಮೇಲಿನ ಮಸಿಯನ್ನು ಬೆರಳಿಂದ ಕೆರೆಯುತ್ತಿದ್ದ. "ಅಕಿ ಖರೇನ ಹೇಳ್ತಾಳ."

ಹೇಳಿದೆ. ಡಾಕ್ಟರಬಾಯಿ ತಲೆಯೆತ್ತಿ ಮೊದಲು ನೀಲವ್ವನನ್ನು ನೋಡಿದಳು, ಆಮೇಲೆ ಕಾಶವ್ವನ ತೊಡೆಯ ಮೇಲಿದ್ದ ಕೂಸನ್ನು. ಚೀಲದಿಂದ ಒಂದು ಗುಳಿಗೆ ತೆಗೆದು ಕಾಶವ್ವನ ಅಂಗೈಯಲ್ಲಿ ಇಟ್ಟಳು. ಕಾಶವ್ವ ಅದನ್ನು ನುಂಗಿ, ಕೂಸನ್ನು ಪಕ್ಕಕ್ಕೆ ಇಳಿಸಿ, ಹಣೆ ನೆಲಕ್ಕೆ ಹಚ್ಚಿ ಅಳತೊಡಗಿದಳು. ಕೂಸಿಗೆ ಅದು ಆಟವೆನಿಸಿ ಅವಳ ಬೆನ್ನು ಬಡಿಯಿತು.

ಹೊರಗೆ ಬಂದೆವು. ಹಳಿಯವರೆಗೆ ನಡೆದಿರಬೇಕು. ಅವಳು ನಿಂತಳು.

"ಅವನ ಹೆಸರೇನು?"

"ಯಾರದು?"

"ಅವಳ ಗಂಡನದು."

ನನಗೆ ಗೊತ್ತಿರಲಿಲ್ಲ. ನೀಲವ್ವ ಗಂಡನ ಹೆಸರು ಬಾಯಿಂದ ತೆಗೆಯುವವಳಲ್ಲ. ನಮ್ಮ ಕಡೆ ಯಾವ ಹೆಂಡತಿಯೂ ತೆಗೆಯುವುದಿಲ್ಲ. ಕಾಶವ್ವನಿಗೆ ಅವನು ಅಣ್ಣ. ದವಾಖಾನೆಯವರು ಬರೆದುಕೊಳ್ಳುವುದು ಗುಳಿಗೆ ಪಡೆಯುವವರ ಹೆಸರನ್ನು ಮಾತ್ರ. ಅಷ್ಟು ತಿಂಗಳು ಆ ಗುಡಿಸಲಿಗೆ ಹೋಗಿ ಬಂದಿದ್ದೆವು, ಅವನ ಕೈಯಿಂದ ನೀರು ಕುಡಿದಿದ್ದೆವು.

"ಹೆಸರು ಕೇಳುವುದು ಹೇಗೆ? ನಾನೇ ಕೇಳುತ್ತೇನೆ" ಎಂದಳು. ಹೇಳಿಕೊಟ್ಟೆ. ಹಿಂದಿರುಗುವ ದಾರಿಯುದ್ದಕ್ಕೂ ಅದನ್ನು ಬಾಯಲ್ಲಿ ಹೊರಳಿಸುತ್ತ ಬಂದಳು. ಅವನು ಗುಡಿಸಲಿನ ಹೊರಗೆ, ನೆರಳಿರುವಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದ. ಅವಳು ಅವನ ಮುಂದೆ ಹೋಗಿ ನಿಂತು, "ನಿಮ್ಮ ಹೆಸರು ಏನ್ರಿ?" ಎಂದು ಕೇಳಿದಳು.

ಡಾಕ್‌ನಲ್ಲಿ ಕೂಲಿಯಾಳುಗಳನ್ನು ಆರಿಸುವ ಮುಕಾದಮ ಹೆಸರು ಕೇಳಿದನೆಂದರೆ ಆ ದಿನದ ಕೆಲಸಕ್ಕೆ ಸೇರಿಸಿಕೊಂಡ ಎಂದೇ ಅರ್ಥ. ಅವನು ದಡಕ್ಕನೆ ಎದ್ದ. ತಲೆಯ ರುಮಾಲು ಬಿಚ್ಚಿ ಕಂಕುಳಲ್ಲಿ ಹಿಡಿದು, ಕೆಮ್ಮು ತಡೆದುಕೊಂಡು ನೆಟ್ಟಗೆ ನಿಂತ.

"ಭೀಮಪ್ಪ ರೀ. ಭೀಮಪ್ಪ ಸಿದ್ದಪ್ಪ. ತಾಲೂಕ ಇಂಡಿ, ಜಿಲ್ಲಾ ಬಿಜಾಪುರ" ಎಂದ. ಅವಳ ಬರಿಗೈಗಳನ್ನು ನೋಡಿದ. ಆಮೇಲೆ ನನ್ನ ಕಡೆಗೆ ತಿರುಗಿ, ದನಿ ತಗ್ಗಿಸಿ ಕೇಳಿದ: "ಗುಳಿಗಿಗೆ ನನ್ನ ಹೆಸರೂ ಹಚ್ಚಕೋತಾರೇನ್ರಿ, ಅಕ್ಕಾರ?"

ಅವನು ಏನು ಕೇಳಿದನೆಂದು ತಿಳಿಯಲು ಅವಳು ನನ್ನ ಮುಖ ನೋಡಿದಳು. ಅವನೂ ನನ್ನ ಮುಖವನ್ನೇ ನೋಡುತ್ತಿದ್ದ.